ಸೇಬು ಮತ್ತು ಸೀಬೆ: ಆರೋಗ್ಯಕ್ಕೆ ಯಾವುದರಿಂದ ಏನು ಲಾಭ?

ನಮ್ಮ ಹಳ್ಳಿಗಳಲ್ಲಿ ಯಾರಾದರೂ ಕಾಯಿಲೆಯಾಗಿ ಆಸ್ಪತ್ರೆ ಸೇರಿದರೆ ನೋಡಲು ಹೋಗುವವರು ಬರಿಗೈಯಲ್ಲಿ ಹೋಗುವುದಿಲ್ಲ. ಪೇಟೆಯ ಹಣ್ಣಿನಂಗಡಿಯಲ್ಲಿ ನಾಲ್ಕು ಸೇಬು ಕೊಂಡು ಚೀಲಕ್ಕೆ ಹಾಕಿಕೊಂಡು ಹೋಗುವುದು ವಾಡಿಕೆ. ಬಾಣಂತಿಗೆ ಸೇಬು, ಜ್ವರ ಬಿಟ್ಟವರಿಗೆ ಸೇಬು, ಪರೀಕ್ಷೆಗೆ ಓದುವ ಮಕ್ಕಳಿಗೂ ಸೇಬು. ಹಣ್ಣುಗಳಲ್ಲೆಲ್ಲ ಸೇಬೇ ಶ್ರೇಷ್ಠವೆಂಬ ಭಾವನೆ ಜನರಲ್ಲಿ ಬೇರೂರಿದೆ. ಆದರೆ ಹಿತ್ತಲಿನಲ್ಲಿ ಬಿಟ್ಟ ಸೀಬೆಯನ್ನು ಅದೇ ಮನೆಯವರು ಬುಟ್ಟಿಯಲ್ಲಿ ತುಂಬಿ ಸಂತೆಗೆ ಕಳಿಸಿಬಿಡುತ್ತಾರೆ. ಸೀಬೆ ಮಾರಿದ ಹಣದಲ್ಲಿ ಸೇಬು ಕೊಳ್ಳುವ ಈ ವ್ಯವಹಾರದಿಂದ ಮನೆಯವರ ಆರೋಗ್ಯಕ್ಕೆ ಲಾಭವೋ ನಷ್ಟವೋ ಎಂಬುದನ್ನು ಲೆಕ್ಕ ಹಾಕಿ ನೋಡುವುದೇ ಈ ಲೇಖನದ ಉದ್ದೇಶ. (ಸೀಬೆಯನ್ನು ಉತ್ತರ ಕರ್ನಾಟಕದಲ್ಲಿ ಪೇರಲ, ಕರಾವಳಿಯಲ್ಲಿ ಪೇರಳೆ, ಇನ್ನು ಕೆಲವೆಡೆ ಚೇಪೆ ಎಂದು ಕರೆಯುತ್ತಾರೆ.)

ಸೇಬು ನಿಷ್ಪ್ರಯೋಜಕವೆಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ಅದು ನಿಜಕ್ಕೂ ಒಳ್ಳೆಯ ಹಣ್ಣು. ಅದು ಯಾವುದಕ್ಕೆ ಒಳ್ಳೆಯದು, ಯಾವುದಕ್ಕೆ ಸಾಲದು ಎಂಬುದನ್ನು ತಿಳಿದು ತಿನ್ನಬೇಕು, ಅಷ್ಟೆ.

ಸೇಬು ನಮ್ಮ ಮಾರುಕಟ್ಟೆಗೆ ಬಂದ ಬಗೆ

ಸೇಬಿನ ಮೂಲ ಸ್ಥಾನ ಮಧ್ಯ ಏಷ್ಯದ ತಿಯಾನ್ ಶಾನ್ ಪರ್ವತ ಪ್ರದೇಶ. ಇಂದಿನ ಕಜಕಿಸ್ತಾನದ ಬೆಟ್ಟಗಳಲ್ಲಿ ಕಾಡು ಸೇಬಿನ ಮರಗಳು ಈಗಲೂ ಇವೆ. ಹಿಮಾಚಲ ಪ್ರದೇಶದ ಕುಲು ಕಣಿವೆಯಲ್ಲಿ 1870ರ ಸುಮಾರಿಗೆ ಬ್ರಿಟಿಷರು ಸೇಬಿನ ತೋಟ ಹಾಕಿದರು. ಶಿಮ್ಲಾ ಸಮೀಪದ ಕೋಟ್‌ಗಢದಲ್ಲಿ ನೆಲೆಸಿದ್ದ ಅಮೆರಿಕದ ಸ್ಯಾಮ್ಯುಯೆಲ್ ಸ್ಟೋಕ್ಸ್ ಅವರು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಡೆಲಿಷಸ್ ಜಾತಿಯ ಸಿಹಿ ಸೇಬನ್ನು ತಂದು ಬೆಳೆಸಿ, ಅಲ್ಲಿನ ರೈತರಿಗೂ ಕಲಿಸಿದರು. ಇಂದು ನಮ್ಮ ದೇಶದಲ್ಲಿ ಅತಿ ಹೆಚ್ಚು ಸೇಬು ಬೆಳೆಯುವುದು ಜಮ್ಮು-ಕಾಶ್ಮೀರದಲ್ಲಿ. ಎರಡನೆಯ ಸ್ಥಾನ ಹಿಮಾಚಲ ಪ್ರದೇಶದ್ದು.

ಈ ಮರಕ್ಕೆ ಚಳಿಗಾಲದ ವಿಶ್ರಾಂತಿ ಅತ್ಯವಶ್ಯಕ. ಡೆಲಿಷಸ್ ಜಾತಿಯ ತಳಿಗಳಿಗೆ ಸುಮಾರು ಸಾವಿರ ಗಂಟೆಗಳ ಕಾಲ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆ ಸಿಗದಿದ್ದರೆ ಮೊಗ್ಗುಗಳು ಸರಿಯಾಗಿ ಒಡೆಯುವುದಿಲ್ಲ. ಹಿಂದೆ ಬೆಂಗಳೂರಿನ ಸುತ್ತಮುತ್ತ ರೋಮ್ ಬ್ಯೂಟಿ ಎಂಬ ತಳಿಯ ತೋಟಗಳಿದ್ದವು. ಕಾಲಕ್ರಮೇಣ ಅವು ಮರೆಯಾದವು. ಈಗ ಹೆಚ್ಚು ಚಳಿ ಬೇಡದ ಅನ್ನಾ, ಡಾರ್ಸೆಟ್ ಗೋಲ್ಡನ್ ತಳಿಗಳನ್ನೂ, ಹಿಮಾಚಲದ ಬಿಲಾಸಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ಅವರು ಅಭಿವೃದ್ಧಿಪಡಿಸಿದ ಎಚ್.ಆರ್.ಎಂ.ಎನ್.-99 ತಳಿಯನ್ನೂ ನಮ್ಮ ರಾಜ್ಯದ ಕೆಲವು ರೈತರು ನೆಟ್ಟು ನೋಡುತ್ತಿದ್ದಾರೆ. ಆದರೂ ನಮ್ಮ ಸಂತೆಗಳಲ್ಲಿ ಸಿಗುವ ಸೇಬಿನಲ್ಲಿ ಬಹುಪಾಲು ದೂರದಿಂದ ಬಂದದ್ದು, ಹಲವು ವೇಳೆ ತಿಂಗಳುಗಟ್ಟಲೆ ಶೀತಲ ಗೃಹದಲ್ಲಿದ್ದು ಬಂದದ್ದು. ಸಾಗಾಣಿಕೆ, ಶೇಖರಣೆ, ದಲ್ಲಾಳಿ ಖರ್ಚುಗಳೆಲ್ಲವೂ ಅದರ ಬೆಲೆಗೆ ಸೇರುತ್ತವೆ. ಬೆಲೆ ಹೆಚ್ಚಿದ ಮಾತ್ರಕ್ಕೆ ಸತ್ವ ಹೆಚ್ಚೆಂದು ತಿಳಿಯಬಾರದು.

ಸೇಬಿನಲ್ಲಿ ಏನಿದೆ?

100 ಗ್ರಾಂ ಸೇಬಿನಲ್ಲಿ ಸುಮಾರು 85 ಗ್ರಾಂ ನೀರೇ ಇರುತ್ತದೆ. ಉಳಿದುದರಲ್ಲಿ 10 ಗ್ರಾಂಗಿಂತ ಸ್ವಲ್ಪ ಹೆಚ್ಚು ಸಕ್ಕರೆ, ಸುಮಾರು 2.4 ಗ್ರಾಂ ನಾರು. ಸಸಾರಜನಕ ಮತ್ತು ಕೊಬ್ಬು ಅತ್ಯಲ್ಪ. ಇದರಿಂದ ದೊರೆಯುವ ಶಕ್ತಿ ಸುಮಾರು 52 ಕಿಲೋ ಕ್ಯಾಲೊರಿ. ಹೊಟ್ಟೆ ತುಂಬಿದಂತಾಗುತ್ತದೆ, ಆದರೆ ಮೈಗೆ ಹೆಚ್ಚು ಕೊಬ್ಬು ಸೇರುವುದಿಲ್ಲ. ಸ್ಥೂಲಕಾಯದವರು ಕುರುಕಲು ತಿಂಡಿಗೆ ಬದಲಾಗಿ ಸೇಬು ತಿನ್ನುವುದು ಹಿತಕರವೆನ್ನಲು ಇದೇ ಕಾರಣ.

ಸೇಬಿನ ನಿಜವಾದ ಗುಣ ಅದರ ನಾರಿನಲ್ಲಿದೆ. ಈ ನಾರಿನ ಒಂದು ಭಾಗ ಪೆಕ್ಟಿನ್. ಹಣ್ಣಿನ ಜೆಲ್ಲಿ ಗಟ್ಟಿಯಾಗುವುದು ಇದೇ ವಸ್ತುವಿನಿಂದ. ಕರುಳಿನಲ್ಲಿಯೂ ಪೆಕ್ಟಿನ್ ನೀರನ್ನು ಹೀರಿ ಲೋಳೆಯಂತಾಗುತ್ತದೆ. ನಾವು ತಿಂದ ಕೊಬ್ಬನ್ನು ಜೀರ್ಣಿಸಲು ಯಕೃತ್ತು ಪಿತ್ತರಸವನ್ನು ಸುರಿಸುತ್ತದೆ. ಸಾಮಾನ್ಯವಾಗಿ ಈ ಪಿತ್ತದ ಬಹುಪಾಲು ಕರುಳಿನಿಂದ ಮರಳಿ ಯಕೃತ್ತಿಗೆ ಹೋಗುತ್ತದೆ. ಪೆಕ್ಟಿನ್ ಅದರ ಒಂದಂಶವನ್ನು ಹಿಡಿದಿಟ್ಟುಕೊಂಡು ಮಲದೊಡನೆ ಹೊರಹಾಕುತ್ತದೆ. ಆಗ ಯಕೃತ್ತು ಹೊಸ ಪಿತ್ತವನ್ನು ತಯಾರಿಸಲು ರಕ್ತದಲ್ಲಿರುವ ಕೊಲೆಸ್ಟರಾಲನ್ನು ಬಳಸಿಕೊಳ್ಳಬೇಕಾಗುತ್ತದೆ. ಹೀಗೆ ರಕ್ತದ ಕೊಲೆಸ್ಟರಾಲ್ ಸ್ವಲ್ಪ ಇಳಿಯುತ್ತದೆ. ಕೊಲೆಸ್ಟರಾಲ್ ಕೊಂಚ ಹೆಚ್ಚಾಗಿದ್ದ 40 ಮಂದಿಗೆ 8 ವಾರಗಳ ಕಾಲ ದಿನಕ್ಕೆ ಎರಡು ಸೇಬು ಕೊಟ್ಟು ನೋಡಿದ ಪ್ರಯೋಗವೊಂದರ ವಿವರ 2020ರಲ್ಲಿ ಪ್ರಕಟವಾಯಿತು. ಅವರ ಕೊಲೆಸ್ಟರಾಲ್ ಮಟ್ಟ ಸ್ವಲ್ಪ ಪ್ರಮಾಣದಲ್ಲಿ ಇಳಿದುದು ಕಂಡುಬಂದಿತು. ಆದರೆ ವೈದ್ಯರು ಕೊಟ್ಟ ಔಷಧಿಗೆ ಬದಲಾಗಿ ಸೇಬು ತಿನ್ನಬೇಕೆಂದು ಇದರ ಅರ್ಥವಲ್ಲ.

ಕರುಳಿನಲ್ಲಿರುವ ಉಪಕಾರಿ ಸೂಕ್ಷ್ಮಾಣುಗಳಿಗೆ ಪೆಕ್ಟಿನ್ ಒಳ್ಳೆಯ ಆಹಾರ. ಅವು ಅದನ್ನು ಹುಳಿಸಿದಾಗ ಉತ್ಪನ್ನವಾಗುವ ಆಮ್ಲಗಳು ಕರುಳಿನ ಒಳಪದರವನ್ನು ಪೋಷಿಸುತ್ತವೆ. ಕರಗದ ನಾರಿನಿಂದ ಮಲಬದ್ಧತೆ ಕಡಿಮೆಯಾಗುತ್ತದೆ.

ಸೇಬಿನ ಸಿಪ್ಪೆಯಲ್ಲಿ ಕ್ವೆರ್ಸೆಟಿನ್ ಮೊದಲಾದ ವಸ್ತುಗಳಿವೆ. ಒಗರು ರುಚಿಗೆ ಸಂಬಂಧಿಸಿದ ಈ ಗುಂಪಿನ ವಸ್ತುಗಳೇ ಹೆಚ್ಚಿದ ಸೇಬು ಗಾಳಿಗೆ ಕಂದು ಬಣ್ಣಕ್ಕೆ ತಿರುಗಲು ಕಾರಣ. ಇವು ಜೀವಕೋಶಗಳನ್ನು ಸವೆತದಿಂದ ರಕ್ಷಿಸಲು ನೆರವಾಗುತ್ತವೆಂದು ಭಾವಿಸಲಾಗಿದೆ. ಸಿಪ್ಪೆ ಹೆರೆದು ತಿನ್ನುವವರು ನಾರಿನ ಒಂದು ಪಾಲನ್ನೂ ಈ ವಸ್ತುಗಳ ಹೆಚ್ಚಿನ ಪಾಲನ್ನೂ ಕಸದ ಬುಟ್ಟಿಗೆ ಹಾಕಿದಂತೆ.

ಹಣ್ಣು ಬೇರೆ, ಹಣ್ಣಿನ ರಸ ಬೇರೆ

ಒಂದು ಲೋಟ ಸೇಬಿನ ರಸಕ್ಕೆ ಎರಡು ಮೂರು ಹಣ್ಣು ಬೇಕು. ಹಿಂಡಿ ಸೋಸಿದಾಗ ನಾರೆಲ್ಲ ಚರಟದಲ್ಲಿ ಉಳಿದು, ಎರಡು ಮೂರು ಹಣ್ಣಿನ ಸಕ್ಕರೆ ಮಾತ್ರ ಲೋಟಕ್ಕೆ ಇಳಿಯುತ್ತದೆ. ಕಚ್ಚಿ ಅಗಿದು ತಿಂದ ಹಣ್ಣಿನ ಸಕ್ಕರೆ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ರಸದ ಸಕ್ಕರೆ ಬೇಗನೆ ಸೇರುತ್ತದೆ. ಅಮೆರಿಕದ ಆರೋಗ್ಯ ಸಿಬ್ಬಂದಿಯನ್ನು ಹಲವು ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೇಬು, ದ್ರಾಕ್ಷಿ ಮುಂತಾದ ಇಡೀ ಹಣ್ಣು ತಿನ್ನುವವರಲ್ಲಿ ಮಧುಮೇಹ ಕಡಿಮೆಯೆಂದೂ, ಹಣ್ಣಿನ ರಸ ಹೆಚ್ಚಾಗಿ ಕುಡಿಯುವವರಲ್ಲಿ ಹೆಚ್ಚೆಂದೂ ಕಂಡುಬಂದಿತು. ಆದ್ದರಿಂದ ಹಲ್ಲಿರುವವರು ಹಣ್ಣನ್ನೇ ತಿನ್ನಬೇಕು. ಈ ಮಾತು ಸೇಬಿಗೆ ಮಾತ್ರವಲ್ಲ, ಎಲ್ಲ ಹಣ್ಣಿಗೂ ಅನ್ವಯಿಸುತ್ತದೆ.

ದಿನಕ್ಕೊಂದು ಸೇಬು ತಿಂದರೆ ವೈದ್ಯರು ಬೇಡವೇ?

ಈ ಮಾತು ಹುಟ್ಟಿದ್ದು ನಮ್ಮಲ್ಲಲ್ಲ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ನಾಣ್ಣುಡಿಯೊಂದು 1866ರಲ್ಲಿ ಅಚ್ಚಾಗಿ, ಮುಂದೆ ಶಾಲಾ ಪುಸ್ತಕಗಳ ಮೂಲಕ ಊರೂರಿಗೆ ಹಬ್ಬಿತು. ಆ ನಾಡಿನಲ್ಲಿ ಸೇಬು ಹಿತ್ತಲ ಹಣ್ಣು. ಸುಲಭವಾಗಿ ಸಿಗುವ ಹಣ್ಣನ್ನು ದಿನವೂ ತಿನ್ನಿರಿ ಎಂಬುದೇ ಆ ಮಾತಿನ ತಿರುಳು. ಈ ನಾಣ್ಣುಡಿಯನ್ನು ಅಮೆರಿಕದ ಸಂಶೋಧಕರು 2015ರಲ್ಲಿ ಪರೀಕ್ಷೆಗೂ ಒಡ್ಡಿದರು. 8,000ಕ್ಕೂ ಹೆಚ್ಚು ವಯಸ್ಕರ ವಿವರಗಳನ್ನು ಪರಿಶೀಲಿಸಿದಾಗ, ಇತರ ಅಭ್ಯಾಸಗಳ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ದಿನವೂ ಸೇಬು ತಿನ್ನುವವರು ವೈದ್ಯರ ಬಳಿಗೆ ಹೋಗುವುದೇನೂ ಕಡಿಮೆಯಾಗಿರಲಿಲ್ಲ. ಅವರು ಬಳಸುತ್ತಿದ್ದ ಔಷಧಿ ಮಾತ್ರ ಸ್ವಲ್ಪ ಕಡಿಮೆಯಿತ್ತು. ಯಾವ ಒಂದು ಹಣ್ಣಿನಲ್ಲೂ ಪವಾಡವಿಲ್ಲ.

ಸೇಬು ಮಾಡಲಾಗದ ಕೆಲಸ

ಕೆಂಪು ಹಣ್ಣು ತಿಂದರೆ ರಕ್ತ ಹೆಚ್ಚುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹಳವಾಗಿದೆ. ರಕ್ತಹೀನತೆಯಿಂದ ಬಿಳಿಚಿಕೊಂಡ ಹೆಣ್ಣುಮಕ್ಕಳಿಗೆ ಮನೆಯವರು ಕಷ್ಟಪಟ್ಟು ಸೇಬು ತಂದುಕೊಡುತ್ತಾರೆ. ಆದರೆ ಸೇಬಿನ ಬಣ್ಣಕ್ಕೂ ರಕ್ತಕ್ಕೂ ಸಂಬಂಧವಿಲ್ಲ. ರಕ್ತದ ಕೆಂಪು ಕಣಗಳು ತಯಾರಾಗಲು ಕಬ್ಬಿಣ ಬೇಕು. ವಯಸ್ಕ ಸ್ತ್ರೀಯರಿಗೆ ದಿನಕ್ಕೆ 29 ಮಿ.ಗ್ರಾಂ ಕಬ್ಬಿಣ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಶಿಫಾರಸು ಮಾಡಿದೆ. 100 ಗ್ರಾಂ ಸೇಬಿನಲ್ಲಿರುವುದು 1 ಮಿ.ಗ್ರಾಂಗೂ ಕಡಿಮೆ. ಜೀವಸತ್ವ ‘ಸಿ’ ಕೂಡ ಸೇಬಿನಲ್ಲಿ ಅಲ್ಪ, ಸುಮಾರು 5 ಮಿ.ಗ್ರಾಂ ಮಾತ್ರ.

ಇದು ಸಣ್ಣ ವಿಷಯವಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಐದು ವರ್ಷದೊಳಗಿನ ಮಕ್ಕಳಲ್ಲಂತೂ ಮೂವರಲ್ಲಿ ಸುಮಾರು ಇಬ್ಬರಿಗಿದೆ. ರಕ್ತಹೀನತೆಯಿರುವ ತಾಯಿಗೆ ಹೆರಿಗೆಯಲ್ಲಿ ಅಪಾಯ ಹೆಚ್ಚು, ಹುಟ್ಟುವ ಮಗುವಿನ ತೂಕ ಕಡಿಮೆಯಾಗುವ ಸಂಭವವೂ ಹೆಚ್ಚು. ರಕ್ತಹೀನತೆಯಿರುವ ಮಗು ಆಟಪಾಠಗಳಲ್ಲಿ ಹಿಂದುಳಿಯುತ್ತದೆ. ಹೊಲದಲ್ಲಿ ಕಳೆ ತೆಗೆಯುವ, ನಾಟಿ ಹಾಕುವ ಹೆಂಗಸರು ಬೇಗ ದಣಿದು ಏದುಸಿರು ಬಿಡುವುದಕ್ಕೂ ಹಲವು ವೇಳೆ ಇದೇ ಕಾರಣ. ಅಂಥ ಮನೆಯಲ್ಲಿ ಹಣ್ಣಿಗಾಗಿ ಖರ್ಚು ಮಾಡುವ ಪ್ರತಿಯೊಂದು ರೂಪಾಯಿಯೂ ಸರಿಯಾದ ಹಣ್ಣಿಗೆ ಸಲ್ಲಬೇಕು.

ಸೀಬೆಯ ಲೆಕ್ಕ

ಸೀಬೆಯೂ ಮೂಲತಃ ನಮ್ಮದಲ್ಲ. ಅಮೆರಿಕ ಖಂಡದ ಉಷ್ಣ ಪ್ರದೇಶದ ಈ ಮರ ಪೋರ್ಚುಗೀಸರ ಕಾಲದಲ್ಲಿ ನಮ್ಮ ದೇಶಕ್ಕೆ ಬಂದು, ನಮ್ಮ ಮಣ್ಣಿಗೂ ಬಿಸಿಲಿಗೂ ಹೊಂದಿಕೊಂಡು ಮನೆಯ ಮರವೇ ಆಗಿಬಿಟ್ಟಿದೆ. ಸೇಬು, ಸೀಬೆಗಳ ಜತೆಗೆ ನಮ್ಮಲ್ಲಿ ಸುಲಭವಾಗಿ ಸಿಗುವ ಇನ್ನೆರಡು ಹಣ್ಣುಗಳ ಸತ್ವವನ್ನು ಈ ಕೆಳಗೆ ಕೊಡಲಾಗಿದೆ. ತಳಿ, ಮಣ್ಣು, ಹಣ್ಣಿನ ಪಕ್ವತೆಗಳನ್ನು ಅನುಸರಿಸಿ ಇವು ಸ್ವಲ್ಪ ಹೆಚ್ಚು ಕಡಿಮೆಯಾಗಬಹುದು.

ಕೋಷ್ಟಕ: 100 ಗ್ರಾಂ ಹಣ್ಣಿನಲ್ಲಿರುವ ಸತ್ವಗಳು (ಸುಮಾರಾಗಿ)

ಸೇಬು: ಶಕ್ತಿ 52 ಕಿಲೋ ಕ್ಯಾಲೊರಿ, ನಾರು 2.4 ಗ್ರಾಂ, ಜೀವಸತ್ವ ‘ಸಿ’ 5 ಮಿ.ಗ್ರಾಂ, ಪೊಟ್ಯಾಸಿಯಂ 107 ಮಿ.ಗ್ರಾಂ
ಸೀಬೆ: ಶಕ್ತಿ 68 ಕಿಲೋ ಕ್ಯಾಲೊರಿ, ನಾರು 5.4 ಗ್ರಾಂ; ಜೀವಸತ್ವ ‘ಸಿ’ 210ರಿಂದ 230 ಮಿ.ಗ್ರಾಂ, ಪೊಟ್ಯಾಸಿಯಂ 417 ಮಿ.ಗ್ರಾಂ
ಪರಂಗಿ: ಶಕ್ತಿ 43 ಕಿಲೋ ಕ್ಯಾಲೊರಿ; ನಾರು 1.7 ಗ್ರಾಂ, ಜೀವಸತ್ವ ‘ಸಿ’ 60 ಮಿ.ಗ್ರಾಂ, ಪೊಟ್ಯಾಸಿಯಂ 182 ಮಿ.ಗ್ರಾಂ
ಬಾಳೆ: ಶಕ್ತಿ 89 ಕಿಲೋ ಕ್ಯಾಲೊರಿ, ನಾರು 2.6 ಗ್ರಾಂ, ಜೀವಸತ್ವ ‘ಸಿ’ 9 ಮಿ.ಗ್ರಾಂ, ಪೊಟ್ಯಾಸಿಯಂ 358 ಮಿ.ಗ್ರಾಂ

ಸೇಬಿನ ಹೆಗ್ಗಳಿಕೆಯಾದ ನಾರು ಸೀಬೆಯಲ್ಲಿ ಅದರ ಎರಡರಷ್ಟಿದೆ. ಪೆಕ್ಟಿನ್ ಕೂಡ ಧಾರಾಳವಾಗಿದೆ. ಸೀಬೆಯ ಜೆಲ್ಲಿ ಅಷ್ಟು ಚೆನ್ನಾಗಿ ಗಟ್ಟಿಯಾಗುವುದು ಅದರಿಂದಲೇ. ಜೀವಸತ್ವ ‘ಸಿ’ಯ ಅಂತರವಂತೂ ಬಹು ದೊಡ್ಡದು. 100 ಗ್ರಾಂ ತೂಕದ ಒಂದು ಸೀಬೆಯಲ್ಲಿರುವಷ್ಟು ‘ಸಿ’ ಸತ್ವವನ್ನು ಸೇಬಿನಿಂದ ಪಡೆಯಬೇಕಾದರೆ 4 ಕಿಲೋಗೂ ಹೆಚ್ಚು ಸೇಬು ತಿನ್ನಬೇಕಾಗುತ್ತದೆ! ಪುರುಷರಿಗೆ ದಿನಕ್ಕೆ 80 ಮಿ.ಗ್ರಾಂ, ಸ್ತ್ರೀಯರಿಗೆ 65 ಮಿ.ಗ್ರಾಂ ‘ಸಿ’ ಜೀವಸತ್ವ ಸಾಕು. ಹೆಚ್ಚಾದದ್ದು ಮೂತ್ರದೊಡನೆ ಹೊರಹೋಗುತ್ತದೆ. ಅಂದರೆ ಆ ದಿನದ ಅವಶ್ಯಕತೆಗೆ ಒಂದು ಸೀಬೆಯನ್ನು ಇಬ್ಬರು ಹಂಚಿಕೊಂಡರೂ ಸಾಕು.

ನಿಮ್ಮ ಸಂತೆಯಲ್ಲಿ ಸೇಬಿನ ಕಿಲೋ ಬೆಲೆಯೆಷ್ಟು, ಸೀಬೆಯ ಕಿಲೋ ಬೆಲೆಯೆಷ್ಟು ಎಂದು ಎದುರುಬದುರು ಬರೆದು, ಮೇಲಿನ ಅಂಕಿಗಳೊಡನೆ ಹೋಲಿಸಿ ನೋಡಿರಿ. ಸೀಬೆ ಮಾರಿ ಸೇಬು ಕೊಳ್ಳುವುದು ಹಾಲು ಮಾರಿ ಸೋಡಾ ಕೊಂಡಂತೆಯೇ ಎಂಬುದು ಯಾರಿಗಾದರೂ ಮನದಟ್ಟಾಗುತ್ತದೆ.

ರಾಗಿ ಊಟಕ್ಕೆ ಸೀಬೆಯ ಜೊತೆ

ಸೀಬೆಯಲ್ಲೂ ಕಬ್ಬಿಣದ ಅಂಶ ಹೆಚ್ಚಿಲ್ಲ. ಹಾಗಾದರೆ ರಕ್ತಹೀನತೆಗೆ ಅದರಿಂದೇನು ಪ್ರಯೋಜನ ಎಂಬ ಪ್ರಶ್ನೆ ಸಹಜವೇ. ಉತ್ತರ ನಮ್ಮ ಊಟದ ತಟ್ಟೆಯಲ್ಲೇ ಇದೆ. ರಾಗಿ, ಜೋಳ, ಹುರುಳಿ, ಬೇಳೆ, ಸೊಪ್ಪುಗಳಲ್ಲಿ ಕಬ್ಬಿಣವಿದೆ. ಆದರೆ ಧಾನ್ಯದ ಹೊರಪದರದಲ್ಲಿರುವ ಫೈಟೇಟ್ ಮತ್ತು ಒಗರಿನ ಅಂಶವಾದ ಟ್ಯಾನಿನ್ ಈ ಕಬ್ಬಿಣವನ್ನು ಕಟ್ಟಿಹಾಕುತ್ತವೆ. ಹೀಗೆ ಕಟ್ಟಿದ ಕಬ್ಬಿಣವನ್ನು ಕರುಳು ಹೀರಿಕೊಳ್ಳಲಾರದು. ಭೂಮಿಯಲ್ಲಿ ರಂಜಕವಿದ್ದರೂ ಹುಳಿ ಮಣ್ಣಿನಲ್ಲಿ ಅದು ಕಟ್ಟಿಹೋಗಿ ಬೆಳೆಗೆ ಸಿಗದಿರುವುದು ರೈತರಿಗೆ ಗೊತ್ತು. ಇದೂ ಹಾಗೆಯೇ. ಸುಣ್ಣ ಹಾಕಿದಾಗ ಮಣ್ಣಿನ ರಂಜಕ ಬಿಡುಗಡೆಯಾಗುವಂತೆ, ಊಟದ ಜತೆ ಜೀವಸತ್ವ ‘ಸಿ’ ಇದ್ದರೆ ಕಬ್ಬಿಣ ಸುಲಭವಾಗಿ ಕರಗುವ ರೂಪಕ್ಕೆ ಬದಲಾಗಿ ದೇಹಕ್ಕೆ ದಕ್ಕುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಹದಿಹರೆಯದವರಿಗೆ ಅನ್ನದ ಊಟದ ಜತೆ 100 ಗ್ರಾಂ ಸೀಬೆ ಕೊಟ್ಟು ಪರೀಕ್ಷಿಸಿದರು. ಸೀಬೆಯಿಲ್ಲದ ಊಟಕ್ಕಿಂತ ಸೀಬೆಯಿದ್ದ ಊಟದಿಂದ ದೇಹ ಹೀರಿಕೊಂಡ ಕಬ್ಬಿಣ ಎರಡು ಪಟ್ಟಿಗೂ ಹೆಚ್ಚಾಗಿತ್ತು. ಈ ಫಲಿತಾಂಶ 2013ರಲ್ಲಿ ಪ್ರಕಟವಾಗಿದೆ. ಊಟ ಅದೇ, ಖರ್ಚು ಅಷ್ಟೇ. ಲಾಭ ಮಾತ್ರ ಇಮ್ಮಡಿ.

ಇದರ ಪೂರ್ಣ ಪ್ರಯೋಜನ ಪಡೆಯಲು ಈ ಕೆಳಗಿನ ಅಂಶಗಳನ್ನು ನೆನಪಿಡಬೇಕು.

1. ಸೀಬೆಯನ್ನು ಊಟದ ಜತೆ ಅಥವಾ ಊಟ ಮುಗಿದ ಕೂಡಲೇ ತಿನ್ನಬೇಕು. ಎರಡು ಮೂರು ಗಂಟೆ ಬಿಟ್ಟು ತಿಂದರೆ ಇತರ ಗುಣಗಳು ಸಿಗುತ್ತವೆ, ಆದರೆ ಕಬ್ಬಿಣಕ್ಕೆ ನೆರವಾಗುವುದಿಲ್ಲ.

2. ಊಟದ ಜತೆಗೂ, ಊಟವಾದ ಒಂದು ಗಂಟೆಯವರೆಗೂ ಕಾಫಿ, ಚಹಾ ಕುಡಿಯಬಾರದು. ಅವುಗಳಲ್ಲಿರುವ ಒಗರಿನ ಅಂಶ ಕಬ್ಬಿಣವನ್ನು ಕಟ್ಟಿಹಾಕುತ್ತದೆ.

3. ಸೀಬೆಯನ್ನು ಬೇಯಿಸಿದರೆ, ಒಣಗಿಸಿದರೆ ‘ಸಿ’ ಜೀವಸತ್ವದ ಬಹುಭಾಗ ನಷ್ಟವಾಗುತ್ತದೆ. ಹಸಿಯಾಗಿಯೇ, ಸಿಪ್ಪೆಸಹಿತ ತಿನ್ನಬೇಕು. ಹೆಚ್ಚಿದ ಹೋಳುಗಳನ್ನು ಬಹಳ ಹೊತ್ತು ಇಡಬಾರದು.

4. ಹಸಿರು ಬಣ್ಣ ತಿರುಗಿ ತಿಳಿಹಳದಿಯಾದ, ಇನ್ನೂ ಗಟ್ಟಿಯಾಗಿರುವ ಹಣ್ಣಿನಲ್ಲಿ ‘ಸಿ’ ಹೆಚ್ಚು. ಅತಿಯಾಗಿ ಕಳಿತು ಮೆತ್ತಗಾದ ಹಣ್ಣಿನಲ್ಲಿ ಕಡಿಮೆ.

5. ಆಶಾ ಕಾರ್ಯಕರ್ತೆಯರು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದವರು ಕೊಡುವ ಕಬ್ಬಿಣದ ಮಾತ್ರೆಗಳನ್ನು ನಿಲ್ಲಿಸಬಾರದು. ಹಣ್ಣು ಮಾತ್ರೆಗೆ ಬದಲಿಯಲ್ಲ, ಸಹಾಯಕ. ಮಾತ್ರೆಯನ್ನು ಹಾಲು, ಚಹಾದೊಡನೆ ನುಂಗದೆ ನಿಂಬೆಹಣ್ಣಿನ ಪಾನಕದೊಡನೆ ಅಥವಾ ಸೀಬೆಯ ಹೋಳಿನೊಡನೆ ತೆಗೆದುಕೊಳ್ಳುವುದು ಉತ್ತಮ. ಜಂತುಹುಳುವಿನ ಔಷಧಿಯನ್ನೂ ಕಾಲಕಾಲಕ್ಕೆ ತೆಗೆದುಕೊಳ್ಳಬೇಕು.

ಸೀಬೆ ಇಲ್ಲದ ತಿಂಗಳುಗಳಲ್ಲಿ ನೆಲ್ಲಿಕಾಯಿ, ನಿಂಬೆಹಣ್ಣುಗಳಿಂದಲೂ ಇದೇ ಕೆಲಸ ಸಾಧ್ಯ. ತಳಿಯನ್ನು ಅನುಸರಿಸಿ ನೆಲ್ಲಿಯಲ್ಲಿ ‘ಸಿ’ ಜೀವಸತ್ವ ಸೀಬೆಗಿಂತಲೂ ಹೆಚ್ಚಿರುವುದುಂಟು. ಪರಂಗಿ ಮತ್ತು ಮಾವಿನ ಹಣ್ಣುಗಳಲ್ಲಿ ಕಣ್ಣಿಗೆ ಹಿತವಾದ ‘ಎ’ ಜೀವಸತ್ವದ ಮೂಲವಸ್ತುವಿದೆ. ಬಾಳೆಹಣ್ಣು ದುಡಿಯುವವರಿಗೆ ಬೇಗ ಶಕ್ತಿ ಕೊಡುತ್ತದೆ. ಒಂದೇ ಹಣ್ಣಿಗೆ ಜೋತುಬೀಳದೆ ಆಯಾ ಕಾಲದ ಹಣ್ಣನ್ನು ದಿನಕ್ಕೆ ಒಬ್ಬರಿಗೆ ಕನಿಷ್ಠ 100 ಗ್ರಾಂನಂತೆ ತಿನ್ನಬೇಕೆಂಬುದು ಪೋಷಣಾ ತಜ್ಞರ ಸಲಹೆ.

ಕೆಲವು ಸಂದೇಹಗಳು, ಸಮಾಧಾನಗಳು

ಸೀಬೆ ತಿಂದರೆ ನೆಗಡಿಯಾಗುತ್ತದೆಯೇ? ಇಲ್ಲ. ನೆಗಡಿಗೆ ಕಾರಣ ಒಬ್ಬರಿಂದೊಬ್ಬರಿಗೆ ಹರಡುವ ನಂಜಾಣುಗಳು. ಸೀಬೆಯ ಮುಖ್ಯ ಸುಗ್ಗಿಯೂ ನೆಗಡಿಯ ಕಾಲವೂ ಚಳಿಗಾಲದಲ್ಲೇ ಬರುವುದರಿಂದ ಈ ನಂಬಿಕೆ ಹುಟ್ಟಿರಬಹುದು.

ಸೀಬೆಯ ಬೀಜದಿಂದ ಹೊಟ್ಟೆನೋವು ಬರುತ್ತದೆಯೇ? ಬೀಜಗಳು ಜೀರ್ಣವಾಗದೆ ಮಲದೊಡನೆ ಹೊರಬೀಳುತ್ತವೆ. ಚೆನ್ನಾಗಿ ಅಗಿದು ತಿನ್ನುವ ಆರೋಗ್ಯವಂತರಿಗೆ ತೊಂದರೆಯಿಲ್ಲ. ಭೇದಿಯಾಗುತ್ತಿರುವವರು ವಾಸಿಯಾಗುವವರೆಗೆ ಬಿಡುವುದು ಲೇಸು. ಚಿಕ್ಕ ಮಕ್ಕಳಿಗೆ ಬೀಜದ ಭಾಗ ತೆಗೆದು ತಿರುಳನ್ನು ಮಸೆದು ಕೊಡಬೇಕು.

ಭೇದಿಯಾಗುವ ಮಗುವಿಗೆ ಸೇಬು ಕೊಟ್ಟರೆ ಸಾಕೇ? ಸಾಲದು. ಭೇದಿಯಲ್ಲಿ ಜೀವಕ್ಕೆ ಅಪಾಯ ತರುವುದು ನೀರು ಮತ್ತು ಲವಣಗಳ ನಷ್ಟ. ಮೊದಲು ಆರೋಗ್ಯ ಕೇಂದ್ರದಲ್ಲಿ ಸಿಗುವ ಓ.ಆರ್.ಎಸ್. ಪುಡಿಯನ್ನು ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ ಕುಡಿಸಬೇಕು. ಎದೆಹಾಲು ನಿಲ್ಲಿಸಬಾರದು. ಬೇಯಿಸಿ ಮಸೆದ ಸೇಬು, ಬಾಳೆಹಣ್ಣು, ಗಂಜಿಗಳನ್ನು ಜತೆಗೆ ಕೊಡಬಹುದು. ಸಿಹಿ ಹಣ್ಣಿನ ರಸ ಬೇಡ. ಅದರಿಂದ ಭೇದಿ ಹೆಚ್ಚಬಹುದು. ಮಗು ಸೊರಗಿ ಕಣ್ಣು ಗುಳಿಬಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಮಧುಮೇಹದವರು ಸೇಬು, ಸೀಬೆ ತಿನ್ನಬಹುದೇ? ಎರಡೂ ರಕ್ತದ ಸಕ್ಕರೆಯನ್ನು ನಿಧಾನವಾಗಿ ಏರಿಸುವ ಹಣ್ಣುಗಳು. ಒಂದು ಹೊತ್ತಿಗೆ ಒಂದು ಸಣ್ಣ ಹಣ್ಣನ್ನು, ರಸ ಮಾಡದೆ, ಸಕ್ಕರೆ ಸೇರಿಸದೆ ತಿನ್ನಬಹುದು. ಆದರೆ ಮೂತ್ರಪಿಂಡದ ಕಾಯಿಲೆಯಿಂದಾಗಿ ಪೊಟ್ಯಾಸಿಯಂ ಕಡಿಮೆ ಮಾಡಬೇಕೆಂದು ಹೇಳಿಸಿಕೊಂಡವರು ಸೀಬೆ, ಬಾಳೆಗಳನ್ನು ವೈದ್ಯರನ್ನು ಕೇಳದೆ ತಿನ್ನಕೂಡದು. ಅಂಥವರಿಗೆ ಪೊಟ್ಯಾಸಿಯಂ ಕಡಿಮೆಯಿರುವ ಸೇಬೇ ಸಾಮಾನ್ಯವಾಗಿ ಹೆಚ್ಚು ಸೂಕ್ತ.

ಸೇಬಿನ ಮೇಲಿನ ಮೇಣ ವಿಷವೇ? ಹಣ್ಣು ಬಾಡದಂತೆ ಸವರಲು ಅನುಮತಿಯಿರುವ ಮೇಣ ತಿನ್ನಲು ಯೋಗ್ಯವಾದುದೇ. ಆದರೂ ಧೂಳು ಮತ್ತು ಔಷಧಿಯ ಶೇಷ ಹೋಗುವಂತೆ ಹಣ್ಣನ್ನು ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆದು, ಒರೆಸಿ ತಿನ್ನಬೇಕು. ಸೇಬಿನ ಬೀಜಗಳನ್ನು ಮಾತ್ರ ಅಗಿಯಬಾರದು. ಅವುಗಳಲ್ಲಿ ವಿಷದ ಅಂಶವಿದೆ. ಅಕಸ್ಮಾತ್ತಾಗಿ ಒಂದೆರಡು ನುಂಗಿದರೆ ಭಯವಿಲ್ಲ.

ಮನೆಗೆರಡು ಸೀಬೆ ಮರ

ಬಚ್ಚಲ ನೀರು ಹರಿಯುವ ಕಡೆ ಎರಡು ಸೀಬೆ ಗಿಡ ನೆಟ್ಟರೆ ಮನೆಯ ಅಗತ್ಯಕ್ಕೆ ಸಾಕು. ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿರುವ ಅರ್ಕಾ ಮೃದುಲ ತಳಿಯಲ್ಲಿ ಬೀಜಗಳು ಮೃದುವಾಗಿದ್ದು, ವಯಸ್ಸಾದವರಿಗೂ ಮಕ್ಕಳಿಗೂ ಅನುಕೂಲ. ಅರ್ಕಾ ಕಿರಣ್ ತಳಿಯ ತಿರುಳು ಕೆಂಪು. ಟೊಮ್ಯಾಟೊಗೆ ಬಣ್ಣ ಕೊಡುವ ಲೈಕೋಪೀನ್ ಎಂಬ ವಸ್ತು ಇದರಲ್ಲಿ ಹೇರಳವಾಗಿದೆ. ಅಲಹಾಬಾದ್ ಸಫೇದ, ಸರ್ದಾರ್ ಎಂಬ ಹೆಸರಿನ ಲಖ್ನೋ-49 ತಳಿಗಳು ನಮ್ಮ ರೈತರಿಗೆ ಹಿಂದಿನಿಂದಲೂ ಪರಿಚಿತ.

ಬೀಜದ ಸಸಿಗೆ ಬದಲಾಗಿ ಗೂಟಿ ಅಥವಾ ಕಸಿ ಗಿಡಗಳನ್ನು ನಂಬಿಕೆಯ ಸಸ್ಯಕ್ಷೇತ್ರದಿಂದ ತರಬೇಕು. ಮುಂಗಾರಿನ ಆರಂಭದಲ್ಲಿ 60 ಸೆಂ.ಮೀ. ಉದ್ದ, ಅಗಲ, ಆಳದ ಗುಣಿಗಳನ್ನು ಸುಮಾರು 6 ಮೀಟರ್ ಅಂತರದಲ್ಲಿ ತೆಗೆದು, ಮೇಲ್ಮಣ್ಣು ಮತ್ತು ಕಳಿತ ಕೊಟ್ಟಿಗೆ ಗೊಬ್ಬರದಿಂದ ತುಂಬಿ ನೆಡಬೇಕು. ನೀರು ನಿಲ್ಲಬಾರದು. ಎರಡು ಮೂರು ವರ್ಷಗಳಲ್ಲಿ ಫಸಲು ಬರಲಾರಂಭಿಸುತ್ತದೆ. ಕೊಯ್ಲಾದ ನಂತರ ಕೊಂಬೆಗಳ ತುದಿ ಸವರಿದರೆ ಹೊಸ ಚಿಗುರಿನಲ್ಲಿ ಹೂ ಬಿಡುತ್ತದೆ, ಮರವೂ ಕೈಗೆಟಕುವಂತಿರುತ್ತದೆ.

ಮಳೆಗಾಲದ ಹಣ್ಣಿಗೆ ಹಣ್ಣು ನೊಣದ ಕಾಟ ಹೆಚ್ಚು. ಹುಳುಬಿದ್ದು ಉದುರಿದ ಹಣ್ಣುಗಳನ್ನು ದಿನವೂ ಆರಿಸಿ ಆಳವಾಗಿ ಹೂಳಬೇಕು. ಮಿಥೈಲ್ ಯುಜಿನಾಲ್ ಬಲೆಗಳನ್ನು ಕಟ್ಟಬೇಕು. ಕಾಯಿ ನಿಂಬೆ ಗಾತ್ರಕ್ಕೆ ಬಂದಾಗ ಕಾಗದದ ಚೀಲ ಕಟ್ಟಿದರೆ ಔಷಧಿಯಿಲ್ಲದೆಯೇ ಹಣ್ಣು ಉಳಿಯುತ್ತದೆ. ಮನೆಮಂದಿ ತಿನ್ನುವ ಮರಕ್ಕೆ ವಿಷದ ಔಷಧಿ ಸಿಂಪಡಿಸದಿರುವುದೇ ಕ್ಷೇಮ.

ಮಾರುವ ಮುನ್ನ ಮನೆಗೆ

ಸೇಬನ್ನು ತಿನ್ನಬಾರದೆಂದಲ್ಲ. ಬೆಲೆ ಇಳಿದಾಗ ಕೊಂಡು, ಸಿಪ್ಪೆಸಹಿತ ತಿಂದು ಅದರ ನಾರಿನ ಲಾಭ ಪಡೆಯಬಹುದು. ಆದರೆ ಸೇಬಿನಿಂದ ರಕ್ತ ಹೆಚ್ಚುತ್ತದೆಂದು ಸಾಲ ಮಾಡಿ ಕೊಳ್ಳುವುದು, ಹೆಚ್ಚು ಸತ್ವದ ಹಣ್ಣನ್ನು ಕಡಿಮೆ ಬೆಲೆಗೆ ಮಾರಿ ಕಡಿಮೆ ಸತ್ವದ ಹಣ್ಣನ್ನು ಹೆಚ್ಚು ಬೆಲೆಗೆ ತರುವುದು ಜಾಣತನವಲ್ಲ.

ಬಿತ್ತನೆಗೆಂದು ಮೊದಲ ದರ್ಜೆಯ ಕಾಳನ್ನು ತೆಗೆದಿರಿಸಿ ಉಳಿದುದನ್ನು ಮಾರುವುದು ರೈತನ ಹಳೆಯ ಕ್ರಮ. ಹಣ್ಣಿನ ವಿಷಯದಲ್ಲೂ ಇದೇ ಕ್ರಮವನ್ನು ಅನುಸರಿಸಬೇಕು. ಸಂತೆಯ ಬುಟ್ಟಿ ತುಂಬುವ ಮುನ್ನ ಮನೆಯಲ್ಲಿ ಎಷ್ಟು ಜನರಿದ್ದಾರೋ ಅಷ್ಟು ಹಣ್ಣನ್ನು ಎತ್ತಿಡಿರಿ. ಅವನ್ನು ಹಂಚುವಾಗ ಬಸುರಿಗೆ, ಬಾಣಂತಿಗೆ, ಬೆಳೆಯುವ ಹೆಣ್ಣುಮಕ್ಕಳಿಗೆ ಮೊದಲು ಕೊಡಿರಿ. ಎಲ್ಲರೂ ಉಂಡ ಮೇಲೆ ಉಣ್ಣುವ ಗೃಹಿಣಿಯ ತಟ್ಟೆಗೂ ಒಂದು ಹಣ್ಣು ಉಳಿದಿದೆಯೇ ಎಂದು ನೋಡಿರಿ. ಮುಂದಿನ ಸಲ ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವಾಗ, ವೈದ್ಯರ ಅಡ್ಡಿಯಿಲ್ಲದಿದ್ದರೆ, ನಿಮ್ಮ ಹಿತ್ತಲಿನ ನಾಲ್ಕು ಒಳ್ಳೆಯ ಸೀಬೆಯನ್ನು ತೊಳೆದು ಕೊಂಡೊಯ್ಯಲು ಸಂಕೋಚಪಡಬೇಡಿರಿ.